ರಾಜನ ಅಕ್ಕ ಕೆಟ್ಟದ್ದು ಯಾವಾಗ

ಕರ್‌ರ್‌ರ್ ಎಂದು ಒಂದು ಸದ್ದು. ಬಿಸ್ಕತ್ತಿನ ದೊಡ್ಡ ಡಬ್ಬಿಯ ತಗಡನ್ನು ಕತ್ತಿಯ ಆಕಾರಕ್ಕೆ ಕತ್ತರಿಸಿ, ಬಟ್ಟೆ ಒಗೆಯುವ ಎರಡು ಕಲ್ಲುಗಳ ಸಂದಿಗೆ ತುರುಕಿ, ಆಮೇಲೆ ಜೋರಾಗಿ ಎಳೆದರೆ ಬರುವ ಸದ್ದು ಅದು. ಕೇಳಿದವರ ಹಲ್ಲೆಲ್ಲ ಜುಮ್ಮೆನ್ನಬೇಕು. ನನ್ನ ಬಾಯಿಯಲ್ಲಿ ಈಗ ಸ್ವಂತದ ಹಲ್ಲುಗಳು ಒಂಬತ್ತೇ ಉಳಿದಿವೆ. ಆ ಸದ್ದು ನೆನಪಾದರೆ ಇಲ್ಲದ ಹಲ್ಲುಗಳೂ ಜುಮ್ಮೆನ್ನುತ್ತವೆ.

ಅದಕ್ಕೇ ಟಿವಿಯಲ್ಲಿ ಆರ್ಥರ್ ರಾಜ ಬಂಡೆಯಿಂದ ಕತ್ತಿ ಎಳೆದಾಗ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನುಣ್ಣಗೆ ಬಂದದ್ದು ನೋಡಿ ನನಗೆ ತಡೆಯಲಾಗಲಿಲ್ಲ. "ಸುಳ್ಳು. ಕತ್ತಿ ಹೀಗೆಲ್ಲ ಬರುವುದಿಲ್ಲ" ಎಂದೆ.

ಪಕ್ಕದಲ್ಲಿ ಕುಳಿತಿದ್ದ ಪ್ರಾಪ್ತಿ ರಿಮೋಟ್ ಒತ್ತಿ ರಾಜನನ್ನು ಅರ್ಧದಲ್ಲಿ ನಿಲ್ಲಿಸಿದಳು. "ಅಜ್ಜಿ, ನೀವು ಕಲ್ಲಿನಿಂದ ಕತ್ತಿ ಎಳೆದದ್ದು ಎಲ್ಲಿ ನೋಡಿದ್ದು?"

"ಇಲ್ಲೇ ಉಡುಪಿಯಲ್ಲಿ."

ಪ್ರಾಪ್ತಿ ನನ್ನ ತಮ್ಮನ ಮೊಮ್ಮಗಳು. ಮಣಿಪಾಲದಲ್ಲಿ ಮೀಡಿಯಾ ಎಂಬುದನ್ನು ಓದುತ್ತಾಳೆ. ಹಾಸ್ಟೆಲಿನ ಸಾಂಬಾರು ಆಗುವುದಿಲ್ಲ ಎಂದು ಬನ್ನಂಜೆಯ ನಮ್ಮ ಫ್ಲ್ಯಾಟಿನಲ್ಲಿ ಇರುತ್ತಾಳೆ. ಸಂಜೆ ನಾಲ್ಕೂವರೆಗೆ ಬಂದು, ಚಹಾ ಮಾಡಿಕೊಂಡು, ಟಿವಿ ಹಾಕಿ, ನೋಟ್‌ಬುಕ್ ತೆರೆದರೆ ಅದು ಅವಳ ಓದು. ನಮ್ಮ ಕಾಲದಲ್ಲಿ ಓದುವಾಗ ಟಿವಿ ನೋಡಿದರೆ ಪೆಟ್ಟು ಬೀಳುತ್ತಿತ್ತು ಎಂದು ಹೇಳೋಣವೆಂದರೆ ನಮ್ಮ ಕಾಲದಲ್ಲಿ ಟಿವಿಯೇ ಇರಲಿಲ್ಲ. ಅವಳು ಬರೆಯಬೇಕಾದ ಅಸೈನ್‌ಮೆಂಟಿನ ವಿಷಯ ಈ ಸೀರಿಯಲ್ಲು. ಸೀರಿಯಲ್ ಅಂದರೆ ಅವಳಿಗೆ ಸಿಟ್ಟು ಬರುತ್ತದೆ, ಸೀರೀಸ್ ಅನ್ನಬೇಕಂತೆ. ಹಳೆಯ ಕಾಲದ ಇಂಗ್ಲೆಂಡು. ಕಲ್ಲಿನಿಂದ ಕತ್ತಿ ಎಳೆದು ರಾಜನಾದ ಒಬ್ಬ ಹುಡುಗ, ಹೊರಗಿನಿಂದ ಬಂದು ಅವನ ರಾಣಿಯಾಗುವ ಒಬ್ಬಳು, ಅದೇ ಅರಮನೆಯಲ್ಲಿ ಬೆಳೆದು ಮಾಟಮಂತ್ರ ಕಲಿತು ಕೆಟ್ಟುಹೋಗುವ ರಾಜನ ಅಕ್ಕ. ಕಥೆ ಇಷ್ಟೇ. ಕುದುರೆಗಳು ಬಹಳ.

ಪ್ರಾಪ್ತಿಯ ತಕರಾರು ರಾಜನ ಅಕ್ಕನ ಬಗ್ಗೆ. ಮೊದಲ ಸೀಸನ್ನಿನಲ್ಲಿ ಅವಳು ಬಹಳ ಒಳ್ಳೆಯವಳು. ಗಾಯವಾದ ಸೈನಿಕನನ್ನು ಕಣಜದಲ್ಲಿ ಅಡಗಿಸಿ ಅನ್ನ ಕೊಡುತ್ತಾಳೆ, ತಮ್ಮನಿಗೆ ತನ್ನ ಕುದುರೆಯನ್ನೇ ಕೊಡುತ್ತಾಳೆ. ಎರಡನೆಯ ಸೀಸನ್ನಿನ ಮೊದಲ ದೃಶ್ಯದಲ್ಲೇ ಕಪ್ಪು ಗೌನು, ಕಣ್ಣಿಗೆ ಗಟ್ಟಿ ಕಾಡಿಗೆ, ತುಟಿಯ ಒಂದು ಬದಿಯಲ್ಲಿ ನಗು.

"ನಡುವೆ ಒಂದು ವರ್ಷ ಹೋಯಿತಂತೆ. ಆ ವರ್ಷದಲ್ಲಿ ಎಂತ ಆಯ್ತು? ತೋರಿಸಲೇ ಇಲ್ಲ. ಇದು ಕ್ಯಾರೆಕ್ಟರ್ ಡೆವಲಪ್‌ಮೆಂಟಾ ಅಜ್ಜಿ? ಬರೀ ಡ್ರೆಸ್ ಚೇಂಜ್."

ಕ್ಯಾರೆಕ್ಟರ್ ಎಂದರೆ ನನಗೆ ಗೊತ್ತಿದ್ದದ್ದು ಶಾಲೆ ಬಿಡುವಾಗ ಕೊಡುವ ಸರ್ಟಿಫಿಕೇಟಿನ ಕೊನೆಯ ಸಾಲು. ಕಾಂಡಕ್ಟ್ ಅಂಡ್ ಕ್ಯಾರೆಕ್ಟರ್, ಅದರ ಮುಂದೆ ಸಿಸ್ಟರ್‌ರ ನೀಲಿ ಶಾಯಿಯಲ್ಲಿ ಎರಡು ಪದ. ನನ್ನದರಲ್ಲಿ 'ವೆರಿ ಗುಡ್' ಎಂದಿದೆ. ಈಗಲೂ ಬೀರುವಿನಲ್ಲಿ ಉಂಟು, ಬೇಕಾದರೆ ತೋರಿಸುತ್ತೇನೆ. ಡೆವಲಪ್‌ಮೆಂಟಿಗೆ ಅಲ್ಲಿ ಜಾಗವಿಲ್ಲ. ಹದಿನಾರನೆಯ ವಯಸ್ಸಿಗೇ ಕ್ಯಾರೆಕ್ಟರ್ ಮುಗಿದಿರುತ್ತದೆ.

ಆದರೆ ನಿಮಗೆ ಒಂದು ವಿಷಯ ಹೇಳುತ್ತೇನೆ. ರಾಜನ ಅಕ್ಕ ಕೆಟ್ಟದ್ದು ಯಾವಾಗ ಎಂದು ಪ್ರಾಪ್ತಿಯ ಪ್ರೊಫೆಸರರಿಗೆ ಗೊತ್ತಿಲ್ಲದಿರಬಹುದು, ಬರೆದವರಿಗೂ ಗೊತ್ತಿಲ್ಲದಿರಬಹುದು. ನನಗೆ ಗೊತ್ತು. ಏಕೆಂದರೆ ಆ ಪಾರ್ಟ್ ಮೊದಲು ಕೊಟ್ಟದ್ದು ನನಗೆ.

ಅರುವತ್ತು ವರ್ಷದ ಹಿಂದಿನ ಮಾತು. ಉಡುಪಿಯ ಒಂದು ಕಾನ್ವೆಂಟಿನಲ್ಲಿ ನಾವು ಬೋರ್ಡಿಂಗಿನವರು. ನಾನು ಕಾಪುವಿನವಳು. ಅಪ್ಪನಿಗೆ ಮೂರು ದೋಣಿಗಳು, ಮೀನು ಒಣಗಿಸುವ ಒಂದು ಶೆಡ್ಡು. ವಾರಿಜ ಕೂಡ ಕಾಪುವಿನವಳೇ, ಆದರೆ ಅವಳ ಅಪ್ಪ ನಮ್ಮ ದೋಣಿಯಲ್ಲಿ ಹುಟ್ಟು ಹಾಕುವವರು. ಊರಿನ ಶಾಲೆಯಲ್ಲಿ ಅವಳ ಲೆಕ್ಕ ನೋಡಿದ ಮಾಸ್ಟ್ರು ಹೇಳಿದರೆಂದು ಅಪ್ಪನೇ ಸಿಸ್ಟರ್‌ರ ಹತ್ತಿರ ಮಾತಾಡಿ ಅವಳನ್ನು ನನ್ನ ಜೊತೆಗೆ ಸೇರಿಸಿದರು. ಫೀಸಿಲ್ಲ. ಬದಲಿಗೆ ಬೆಳಿಗ್ಗೆ ಅಡುಗೆಮನೆಯಲ್ಲಿ ಕೈಜೋಡಿಸಬೇಕು. "ನಾವೇ ಸೇರಿಸಿದ್ದು" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು. ನನಗೆ ರಜೆಯಲ್ಲಿ ಹೇಳುತ್ತಿದ್ದದ್ದು ಬೇರೆ: "ಅವಳನ್ನು ನೋಡಿ ಕಲಿ."

ಕಲಿಯಲಿಕ್ಕೆ ಬಹಳ ಇತ್ತು. ಬಂದಾಗ ಒಂದು ಅಕ್ಷರ ಇಂಗ್ಲಿಷ್ ಇಲ್ಲದವಳು ಎರಡು ವರ್ಷದಲ್ಲಿ ನನ್ನ ಇಂಗ್ಲಿಷ್ ತಿದ್ದುತ್ತಿದ್ದಳು. ಅದೂ ಎಲ್ಲರ ಎದುರಿನಲ್ಲಿ ಅಲ್ಲ, ಮೆಲ್ಲ, ಕಿವಿಯ ಹತ್ತಿರ. ಎದುರಿನಲ್ಲಿ ತಿದ್ದಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ಅವಳ ಜಡೆ ನನ್ನದಕ್ಕಿಂತ ಒಂದು ಗೇಣು ಉದ್ದ. ಬೂತಾಯಿ ಮೀನು ತಿಂದರೆ ಅವಳ ಬಟ್ಟಲಿನಲ್ಲಿ ಉಳಿಯುತ್ತಿದ್ದದ್ದು ಬಾಚಣಿಗೆಯ ಹಾಗೆ ಒಂದು ಇಡೀ ಮುಳ್ಳು. ದೋಣಿ ಸಾಹುಕಾರರ ಮಗಳಾದ ನನ್ನ ಬಟ್ಟಲು ನಾಯಿ ಹೊಕ್ಕು ಹೋದ ಹಾಗೆ. ಮುಳ್ಳು ತೆಗೆಯುವ ವಿಷಯದಲ್ಲೂ ಹೊಟ್ಟೆಕಿಚ್ಚು ಪಡಬಹುದೇ ಎಂದು ನೀವು ಕೇಳಬಹುದು. ಪಡಬಹುದು. ಹೊಟ್ಟೆಕಿಚ್ಚಿಗೆ ಸೌದೆ ಇಂಥದ್ದೇ ಆಗಬೇಕೆಂದಿಲ್ಲ.

ಹತ್ತನೆಯ ಕ್ಲಾಸಿನ ವಾರ್ಷಿಕೋತ್ಸವಕ್ಕೆ ಸಿಸ್ಟರ್ ಬೆನೆಡಿಕ್ಟಾ ಆರ್ಥರ್ ರಾಜನ ನಾಟಕ ಬರೆದರು, ಇಂಗ್ಲಿಷಿನಲ್ಲಿ. ಮೈಕಟ್ಟು ಇದ್ದ ಹುಡುಗಿಯೊಬ್ಬಳು ರಾಜ. ರಾಣಿ ವಾರಿಜ. ರಾಜನ ಅಕ್ಕ ನಾನು. ಪಟ್ಟಿ ಓದಿದಾಗ ನನ್ನ ಕಿವಿ ಬಿಸಿಯಾದದ್ದು ನನಗೆ ಚೆನ್ನಾಗಿ ನೆನಪುಂಟು. ರಾಣಿಗೆ ಎಲ್ಲ ಒಳ್ಳೊಳ್ಳೆಯ ಮಾತುಗಳು. ರಾಜ ಯುದ್ಧಕ್ಕೆ ಹೊರಡುವಾಗ ಕೋಟೆಯ ಬಾಗಿಲಿನಲ್ಲಿ ನಿಂತು ಹೇಳುವ ಒಂದು ಸಾಲಂತೂ ಇಡೀ ಬೋರ್ಡಿಂಗಿಗೆ ಬಾಯಿಪಾಠವಾಗಿತ್ತು. ನನಗೆ ಸಿಕ್ಕಿದ್ದು ಒಂದು ಶಾಪ, ಎರಡು ನಗು.

ಕಿರೀಟ, ಉಡುಪುಗಳಿಗೆ ಸಿಸ್ಟರ್ ಒಂದು ಉಪಾಯ ಹುಡುಕಿದರು. ಬನ್ನಂಜೆಯ ಒಂದು ಓಣಿಯಲ್ಲಿ ಯಕ್ಷಗಾನದ ವೇಷಭೂಷಣ ಬಾಡಿಗೆಗೆ ಕೊಡುವ ಒಬ್ಬರಿದ್ದರು. ವೇಷದ ಭಟ್ರು ಎಂದೇ ಎಲ್ಲರೂ ಕರೆಯುವುದು. ಇಂಗ್ಲೆಂಡಿನ ರಾಜನಿಗೆ ಯಕ್ಷಗಾನದ ಕಿರೀಟವೇ ಎಂದು ನಗಬೇಡಿ. ನಮ್ಮ ಕಡೆ ರಾಜ ಎಂದರೆ ಆ ಕಿರೀಟವೇ. ಯಾವ ದೇಶದವನಾದರೇನು. ಸಿಸ್ಟರ್ ನಮ್ಮಿಬ್ಬರನ್ನೇ ಹೇಳಿ ಬರಲು ಕಳಿಸಿದರು. ಆ ಓಣಿಯಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿದೆ. ಅದರ ಮೂರನೆಯ ಮಹಡಿಯಲ್ಲಿ ಕುಳಿತು ನಾನು ಇದನ್ನು ಬರೆಯುತ್ತಿದ್ದೇನೆ. ತಪ್ಪು ಮಾಡಿದ ಜಾಗಕ್ಕೇ ಮನುಷ್ಯ ಕಂತು ಕಟ್ಟಿ ಬಂದು ಕೂರುತ್ತಾನೆ ಎಂದು ಆಗ ಯಾರು ಎಣಿಸಿದ್ದರು.

ಭಟ್ರು ಜಗುಲಿಯಲ್ಲಿ ಕುಳಿತು ಭುಜಕೀರ್ತಿಗೆ ಕನ್ನಡಿಯ ಚೂರು ಅಂಟಿಸುತ್ತಿದ್ದರು. ವಾರಿಜ ಕಥೆ ಹೇಳಿದಳು. ಅವರು ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು: "ರಾಜನ ಅಕ್ಕ ಒಳ್ಳೆಯವಳಾ, ಕೆಟ್ಟವಳಾ?"

"ಮೊದಲು ಒಳ್ಳೆಯವಳು, ಆಮೇಲೆ ಕೆಟ್ಟವಳು" ಎಂದಳು ವಾರಿಜ.

"ಹಾಗೆಲ್ಲ ಆಗುವುದಿಲ್ಲ ಮಗಾ. ತೆರೆ ಸರಿಯುವಾಗಲೇ ಜನಕ್ಕೆ ಗೊತ್ತಾಗಬೇಕು. ನಡುವಲ್ಲಿ ಬಣ್ಣ ಬದಲಿಸ್ಲಿಕ್ಕೆ ಪುರುಸೊತ್ತು ಉಂಟಾ? ಕೊನೆಗೆ ಕೆಟ್ಟವಳಾದರೆ ಮೊದಲಿಂದಲೇ ಹೆಣ್ಣು ಬಣ್ಣ."

ಹೆಣ್ಣು ಬಣ್ಣ ಎಂದರೆ ರಕ್ಕಸಿಯ ವೇಷ. ಮುಖದ ತುಂಬ ಅಕ್ಕಿಹಿಟ್ಟಿನ ಬಿಳಿ ಮುಳ್ಳುಗಳು, ಕೆಂಪು ಕಪ್ಪು ಬಣ್ಣ, ತಲೆಯ ಮೇಲೆ ಬುಟ್ಟಿಯಷ್ಟು ಕಿರೀಟ. ಅಪ್ಪ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ, ನಾನು ಮುಖಕ್ಕೆ ಹಿಟ್ಟು ಮೆತ್ತಿಕೊಂಡು ರಕ್ಕಸಿ, ನಮ್ಮ ದೋಣಿಯವರ ಮಗಳು ರೇಷ್ಮೆ ಸೀರೆ ಉಟ್ಟು ರಾಣಿ.

ಅಷ್ಟರಲ್ಲಿ ಭಟ್ರ ಹೆಂಡತಿ ಹಿತ್ತಿಲಿನಲ್ಲಿ ಗೆಜ್ಜೆ ತೊಳೆದು ಒಣಗಿಸಿದ್ದಾರೆಂದು ಕೇಳಿ ವಾರಿಜ ನೋಡಲು ಓಡಿದಳು. ಭಟ್ರು ಅಳತೆ ತೆಗೆಯುವ ನೂಲು ಹಿಡಿದು ನನ್ನನ್ನು ಕೇಳಿದರು: "ನಿಮ್ಮಲ್ಲಿ ರಾಣಿ ಯಾರು?"

"ನಾನು" ಎಂದೆ.

"ಒಳಗೆ ಹೋದವಳು?"

"ರಾಜನ ಅಕ್ಕ."

ನೋಡಿ, ಇಷ್ಟೇ. ಇದಕ್ಕೆ ಒಂದು ಸೀಸನ್ ಬೇಕಾಗಿರಲಿಲ್ಲ. ವಾರಿಜ ಗೆಜ್ಜೆ ನೋಡಿ ಬಂದ ಮೇಲೆ ಭಟ್ರು ಅವಳ ಎತ್ತರ, ಭುಜ, ತಲೆಯ ಸುತ್ತಳತೆ ತೆಗೆದರು, ಆಮೇಲೆ ನನ್ನದೂ. ರಾಣಿಯ ಕಿರೀಟಕ್ಕೆ ಎಂದೇ ಅವಳು ತಲೆ ಬಗ್ಗಿಸಿ ನಿಂತಳು.

ಉತ್ಸವದ ದಿನ ಸಂಜೆ ಭಟ್ರು ಪೆಟ್ಟಿಗೆ ತಂದು ತೆರೆದರು. ವಾರಿಜಳ ಅಳತೆಗೆ ಕಟ್ಟಿದ ಹೆಣ್ಣು ಬಣ್ಣ ಹೊರಗೆ ಬಂತು. ನನ್ನ ಅಳತೆಗೆ ರಾಣಿಯ ಸ್ತ್ರೀವೇಷವೂ ಬಂತು. ಅವಳು ಉದ್ದ, ನಾನು ಗಿಡ್ಡ, ಅದಲು ಬದಲು ಮಾಡಿದರೆ ಒಂದು ನೆಲ ಗುಡಿಸುತ್ತದೆ, ಇನ್ನೊಂದು ಮೊಣಕಾಲಿಗೆ ಬರುತ್ತದೆ. ಇನ್ನು ಒಂದು ಗಂಟೆ ಮಾತ್ರ. ಇಂಗ್ಲಿಷ್ ತಿಳಿಯದ ಭಟ್ರು ಆಚೆ ಬಣ್ಣ ಕಲಸಲು ಕುಳಿತಿದ್ದರು. ಸಿಸ್ಟರ್ ಬೆನೆಡಿಕ್ಟಾ ಕೇಳಿದರು: "ಹೂ ಟೋಲ್ಡ್ ದಿಸ್ ಮ್ಯಾನ್?"

ವಾರಿಜ ನನ್ನ ಬಲಗಡೆ ಒಂದು ಮೊಳ ದೂರದಲ್ಲಿ ನಿಂತಿದ್ದಳು. ಮಾತು ಹೊರಡುವ ಮೊದಲು ನಾನು ಅವಳ ಕಡೆ ನೋಡಲಿಲ್ಲ, ಹೊರಟ ಮೇಲೂ ನೋಡಲಿಲ್ಲ.

"ವಾರಿಜ, ಸಿಸ್ಟರ್. ಅವಳೇ ಮಾತಾಡಿದ್ದು."

ಅವಳು ಇಲ್ಲ ಎನ್ನಲಿಲ್ಲ. ಹೌದು ಎಂದೂ ಹೇಳಲಿಲ್ಲ. ಒಂದು ಮೆಸೇಜ್ ಸರಿಯಾಗಿ ಹೇಳಲು ಬಾರದವಳು ರಾಣಿಯಾಗಲು ಯೋಗ್ಯಳಲ್ಲ ಎಂದು ಸಿಸ್ಟರ್ ಇಂಗ್ಲಿಷಿನಲ್ಲಿ ಬೈದು, ವೇಷ ಯಾರಿಗೆ ಸರಿಹೋಗುತ್ತದೋ ಪಾರ್ಟು ಅವರದ್ದು ಎಂದು ತೀರ್ಮಾನಿಸಿದರು. ದಿನವೂ ರಿಹರ್ಸಲಿನಲ್ಲಿ ಕೇಳಿ ಕೇಳಿ ಇಬ್ಬರಿಗೂ ಇಬ್ಬರ ಮಾತುಗಳೂ ಬರುತ್ತಿದ್ದವು. ನಾನು ರಾಣಿಯಾದೆ.

ಈಗ ಆ ರಾಣಿಯ ಕಥೆ ಕೇಳಿ. ಕತ್ತಿ ಕರ್‌ರ್‌ರ್ ಎಂದಿತು, ಜನ ಹಲ್ಲು ಕಚ್ಚಿದರು, ರಾಜನಿಗೆ ಪಟ್ಟವಾಯಿತು. ನಾನು ರೇಷ್ಮೆಯಲ್ಲಿ ಮಿನುಗುತ್ತ ಅವನ ಪಕ್ಕ ಕುಳಿತೆ. ಆಗ ತೆರೆಯ ಹಿಂದಿನಿಂದ ಒಂದು ಅಬ್ಬರ ಬಂತು. ಯಕ್ಷಗಾನದಲ್ಲಿ ಬಣ್ಣದ ವೇಷ ಬರುವ ಮೊದಲು ಕೊಡುವ ಕೂಗು. ನಾಟಕದಲ್ಲಿ ಅದು ಇರಲಿಲ್ಲ. ಸಿಸ್ಟರ್ ಬರೆದದ್ದು 'ಎಂಟರ್, ಸ್ಮೈಲಿಂಗ್' ಎಂದು. ಕಾಪುವಿನ ಗದ್ದೆಯ ಯಕ್ಷಗಾನದ ಆಟಗಳನ್ನು ತನ್ನ ಅಪ್ಪನ ಹೆಗಲ ಮೇಲೆ ಕುಳಿತು ನೋಡಿದವಳಿಗೆ ಆ ಕೂಗು ಯಾರೂ ಕಲಿಸಬೇಕಾಗಿರಲಿಲ್ಲ. ಹಾಲ್ ಸ್ತಬ್ಧವಾಯಿತು. ಮತ್ತೊಮ್ಮೆ ಅಬ್ಬರ. ತೆರೆ ಸರಿಯಿತು. ಬಿಳಿ ಮುಳ್ಳಿನ ಮುಖ ಇಡೀ ವೇದಿಕೆ ದಾಟಿ ನೇರ ನನ್ನ ಹತ್ತಿರ ಬಂದು, ಒಂದು ಗೇಣು ದೂರದಲ್ಲಿ ನಿಂತು, ಮೂರನೆಯ ಅಬ್ಬರ ಕೊಟ್ಟಿತು. ನಾನು ನಡುಗಿದೆ. ಎಂಥ ಆ್ಯಕ್ಟಿಂಗ್ ಎಂದು ಜನ ಚಪ್ಪಾಳೆ ತಟ್ಟಿದರು. ಆ್ಯಕ್ಟಿಂಗ್ ಅಲ್ಲವೆಂದು ಆ ಹಾಲಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

ಅಲ್ಲಿಂದ ಮುಂದೆ ನನಗೆ ಮಾತು ಒಂದೂ ಸರಿಯಾಗಿ ಬರಲಿಲ್ಲ. ಕೋಟೆಯ ಬಾಗಿಲಿನಲ್ಲಿ ನಿಂತು ಹೇಳಬೇಕಾದ ಆ ಸಾಲು ಪೂರ್ತಿ ಮರೆತುಹೋಯಿತು. ರಾಜ ಸ್ವಲ್ಪ ಕಾದು, ಕೆಮ್ಮಿ, ತಾನಾಗಿಯೇ ಯುದ್ಧಕ್ಕೆ ಹೋದಳು. ಮರುದಿನ ಇಡೀ ಉಡುಪಿಯಲ್ಲಿ ಒಂದೇ ಮಾತು, ಕಾನ್ವೆಂಟಿನ ರಕ್ಕಸಿ. ಭಟ್ರು ಅವಳಿಗೆ ಒಂದು ಜೊತೆ ಗೆಜ್ಜೆಯನ್ನೇ ಕೊಟ್ಟರು. ರಾಣಿ ಇದ್ದಳೇ ಎಂದು ಯಾರೂ ಕೇಳಲಿಲ್ಲ. ಕದ್ದ ಪಾರ್ಟು ಮೈಗೆ ಹಿಡಿಯಲಿಲ್ಲ ಎಂಬ ದುಃಖ ಒಂದು. ಬಿಟ್ಟದ್ದು ಅವಳಿಗೆ ಹಿಡಿಯಿತಲ್ಲ ಎಂಬುದು ಅದಕ್ಕಿಂತ ದೊಡ್ಡದು.

ಆಮೇಲಿನದನ್ನು ಚುಟುಕಾಗಿ ಹೇಳುತ್ತೇನೆ. ನಾನು ಕಾಲೇಜಿಗೆ ಹೋದೆ, ಮದುವೆಯಾಯಿತು. ಅವಳು ಟೀಚರ್ ಆದಳು, ಅಜೆಕಾರಿನಲ್ಲಿ ಹೆಡ್‌ಮಿಸ್ಟ್ರೆಸ್ ಆದಳು, ರಿಟೈರಾಗಿ ಕಾರ್ಕಳದಲ್ಲಿ ಮನೆ ಕಟ್ಟಿದಳು. ಮದುವೆ ಮುಂಜಿಗಳಲ್ಲಿ ಸಿಕ್ಕಾಗ "ಹೇಗಿದ್ದಿ", "ಉಂಟು ಮಾರಾಯ್ತಿ" ಇಷ್ಟೇ. ವರ್ಷಕ್ಕೊಮ್ಮೆಯಾದರೂ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಿ, "ನಿನ್ನ ವಾರಿಜ ಟೀಚರ ಫೋಟೊ ಬಂದಿದೆ ನೋಡು. ಹಳೆ ವಿದ್ಯಾರ್ಥಿಗಳ ಸನ್ಮಾನ" ಎನ್ನುತ್ತಾರೆ. ನಾನು ಕನ್ನಡಕ ಹಾಕಿ ನೋಡುತ್ತೇನೆ. ಅವಳ ಕೂದಲು ಇನ್ನೂ ಅಷ್ಟು ಬೆಳ್ಳಗಾಗಿಲ್ಲ. ಶಾಲಿನ ಕೆಳಗೆ ಅವಳ ಬೆನ್ನು ನೆಟ್ಟಗೇ ಇರುತ್ತದೆ.

ಈ ಕಥೆಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಪ್ರಾಪ್ತಿಗೆ ಹೇಳಿದೆ. ಟಿವಿಯಲ್ಲಿ ರಾಜ ಇನ್ನೂ ಅರ್ಧ ಎಳೆದ ಕತ್ತಿ ಹಿಡಿದು ನಿಂತೇ ಇದ್ದ. ಹೇಳಿ ಮುಗಿಸಿ, ನನ್ನನ್ನು ನಾನೇ ಸಾಕಷ್ಟು ಬೈದುಕೊಂಡು, ಕೊನೆಗೆ, "ಆದರೂ ಅವಳು ದೊಡ್ಡವಳು ನೋಡು. ಅಷ್ಟಾದರೂ ಒಂದು ಮಾತು ಬಾಯಿ ಬಿಡಲಿಲ್ಲ. ಅದು ನನ್ನಿಂದ ಆಗುತ್ತಿರಲಿಲ್ಲ" ಎಂದೆ. ನಿಜ ಹೇಳಬೇಕೆಂದರೆ ಅವಳ ಇಂಗ್ಲಿಷಿಗಿಂತ, ಜಡೆಗಿಂತ, ಅಬ್ಬರಕ್ಕಿಂತ ಹೆಚ್ಚು ನನ್ನನ್ನು ಸುಟ್ಟದ್ದು ಆ ಮೌನ. ನಾನು ಸಣ್ಣವಳಾದ ಗಳಿಗೆಯಲ್ಲೇ ಅವಳು ಸಂತಳಾದಳಲ್ಲ ಎಂದು.

ಪ್ರಾಪ್ತಿ ನೋಟ್‌ಬುಕ್ಕಿನ ಮೇಲೆ ಪೆನ್ನು ತಿರುಗಿಸುತ್ತಿದ್ದಳು. "ದೊಡ್ಡತನ ಎಂತದು ಅಜ್ಜಿ? ಅವರ ಅಪ್ಪ ನಿಮ್ಮ ಅಪ್ಪನ ದೋಣಿಯಲ್ಲಿ ಅಲ್ವಾ ಇದ್ದದ್ದು?"

"ಹೌದು."

"ಮತ್ತೆ? ಅವರು ಎಂತ ಹೇಳುವುದು? ನಿಮ್ಮನ್ನು ಸುಳ್ಳಿ ಅಂತ ಹೇಳಿದರೆ ಮರುದಿನ ಮನೆಯಲ್ಲಿ ಗಂಜಿ ಬೇಯ್ತಿತ್ತಾ?" ನನ್ನ ಮುಖ ನೋಡಿ ಸ್ವರ ತಗ್ಗಿಸಿದಳು. "ಮಾತಾಡದವರನ್ನೆಲ್ಲ ಒಳ್ಳೆಯವರು ಅಂತ ಮಾಡಿಬಿಡುವುದು ರೈಟರ್‌ಗಳ ಸೋಮಾರಿತನ. ಯಾಕೆ ಮಾತಾಡ್ಲಿಲ್ಲ ಅಂತ ಕೇಳಬೇಕು. ನಮ್ಮ ಮೇಡಮ್ ಹೇಳುವುದು."

ಅರುವತ್ತು ವರ್ಷ ನಾನು ಅವಳನ್ನು ಸಂತಳ ಪೀಠದಲ್ಲಿ ಕೂರಿಸಿ ಹೊಟ್ಟೆಕಿಚ್ಚು ಪಟ್ಟೆನಲ್ಲ, ಅದೊಂದು ಹೆದರಿದ ಹುಡುಗಿ ಎಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ. ಹೊಟ್ಟೆಕಿಚ್ಚಿನ ದೊಡ್ಡ ಅನುಕೂಲ ಅದೇ ಇರಬೇಕು. ಎದುರಿನವಳನ್ನು ಎಷ್ಟು ಎತ್ತರಕ್ಕೆ ಏರಿಸುತ್ತೇವೆಂದರೆ ಅವಳಿಗೂ ನೋವಾಗಬಹುದು ಎಂದು ಕಾಣಿಸುವುದಿಲ್ಲ. ಆ ರಾತ್ರಿ ಊಟ ಸೇರಲಿಲ್ಲ. ಯಜಮಾನರು, "ಏನು, ರಾಜ ಸತ್ತನಾ?" ಎಂದು ಕೇಳಿದರು.

ಮುಂದಿನ ಭಾನುವಾರ ಕಾರ್ಕಳಕ್ಕೆ ಹೊರಟೆ. ಪ್ರಾಪ್ತಿಯೂ ಬಂದಳು. ಬರಿಗೈಯಲ್ಲಿ ಹೋಗಬಾರದೆಂದು ಬಸ್‌ಸ್ಟ್ಯಾಂಡಿನ ಹತ್ತಿರದ ಬೇಕರಿಯಲ್ಲಿ ಸಿಕ್ಕಿದ್ದನ್ನು ಹಿಡಿದುಕೊಂಡೆ. ಹಿರಿಯಡ್ಕ ದಾಟಿದ ಮೇಲೆಯೇ ಮಡಿಲಿನಲ್ಲಿ ಏನಿದೆ ಎಂದು ನೋಡಿದ್ದು. ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬಿ.

ವಾರಿಜ ಅಂಗಳಕ್ಕೆ ಇಳಿದು ಬಂದಳು. ಕೋಲಿಲ್ಲ, ಗೋಡೆ ಹಿಡಿಯುವುದಿಲ್ಲ. ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಡಬ್ಬಿ ನೋಡಿದಳು.

"ಎಂತ, ಕತ್ತಿ ಮಾಡ್ಲಿಕ್ಕೆ ತಂದದ್ದಾ?"

ಅಂಗಳದಿಂದ ಜಗುಲಿಗೆ ನಾಲ್ಕು ಮೆಟ್ಟಿಲು. ಅವಳು ಏರಿದ ಮೇಲೆ ನಾನು ಪ್ರಾಪ್ತಿಯ ಭುಜ ಹಿಡಿದು ಏರುವಷ್ಟರಲ್ಲಿ ಪುನರ್ಪುಳಿ ಶರಬತ್ತು ಮಾಡಿ ತಂದಿದ್ದಳು. ಮನೆಯ ತುಂಬ ಪುಸ್ತಕ. ಪ್ರಾಪ್ತಿ ಐದೇ ನಿಮಿಷದಲ್ಲಿ "ಟೀಚರ್, ಟೀಚರ್" ಎಂದು ಅವಳ ಪಕ್ಕಕ್ಕೇ ಸರಿದು ಕುಳಿತಳು. ನನ್ನ ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿ ಕುಳಿತಿತ್ತು. ಕ್ಷಮೆ ಕೇಳಲು ಬಂದ ಮನೆಯಲ್ಲೂ ಒಳಗೆ ಹೊಗೆಯಾಡಿದ್ದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಸೀರೀಸಿನ ವಿಷಯ ಕೇಳಿ ವಾರಿಜ ಹೇಳಿದಳು: "ನಡುವಿನ ವರ್ಷ ತೋರಿಸ್ಲಿಲ್ಲ ಅಂತ ನಿನ್ನ ತಕರಾರು. ಅದು ಸರಿ. ಆದರೆ ಅವಳದ್ದು ಮಾತ್ರ ಯಾಕೆ ಕೇಳ್ತಿ? ಆ ವರ್ಷ ರಾಣಿಗೂ ಹೋಗಿರ್ತದಲ್ಲ. ಅವಳು ಎಂತ ಮಾಡಿದಳು?" ಪ್ರಾಪ್ತಿ ಸರಸರನೆ ಬರೆದುಕೊಂಡಳು.

ಆಮೇಲೆ ಪ್ರಾಪ್ತಿಗೆ ಫೋನ್ ಬಂತು. ಮಾತಾಡುತ್ತ ಅಂಗಳಕ್ಕೆ ಇಳಿದಳು. ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎಂದು ನನಗೆ ಗೊತ್ತಾಯಿತು.

"ವಾರಿಜಾ, ಆ ದಿನ ವೇಷದ ಭಟ್ರಿಗೆ ಹಾಗೆ ಹೇಳಿದ್ದು ನಾನು."

"ಗೊತ್ತುಂಟು."

"ಸಿಸ್ಟರ್ ಹತ್ತಿರ ನಿನ್ನ ಹೆಸರು ಹೇಳಿದ್ದು..."

"ಅದು ನನ್ನೆದುರೇ ಹೇಳಿದ್ದಲ್ವಾ ಮಾರಾಯ್ತಿ. ನಾನು ಅಲ್ಲೇ ನಿಂತಿದ್ದೆ. ನಿಂಗೆ ನೆನಪಿಲ್ವಾ?"

ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅವಳು ನಗುತ್ತಿರಲಿಲ್ಲ.

"ನೀನು ಯಾಕೆ ಸುಮ್ಮನಿದ್ದೆ?"

"ಮರುದಿನ ಬೆಳಿಗ್ಗೆ ಅಪ್ಪ ನಿಮ್ಮ ದೋಣಿಗೆ ಹೋಗ್ಬೇಕಿತ್ತು." ಅಷ್ಟೇ ಹೇಳಿ ಅವಳು ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟಳು. ಆಮೇಲೆ, ಮೊನ್ನೆ ಮೊನ್ನೆ ಆದದ್ದನ್ನು ಹೇಳುವ ಹಾಗೆ, "ಪಾರ್ಟ್ ಹೋದದ್ದು ಹೋಯ್ತು. ಸರ್ಟಿಫಿಕೇಟಿನಲ್ಲಿ ಸಿಸ್ಟರ್ ಕ್ಯಾರೆಕ್ಟರಿಗೆ 'ಸ್ಯಾಟಿಸ್ಫ್ಯಾಕ್ಟರಿ' ಅಂತ ಬರೆದರು. ಟೀಚರ್ ಟ್ರೈನಿಂಗಿನ ಇಂಟರ್‌ವ್ಯೂನಲ್ಲಿ ಅದಕ್ಕೇ ಬೆರಳಿಟ್ಟು ಯಾಕೆ ಅಂತ ಕೇಳಿದರು. ಎಂತ ಹೇಳುವುದು? ನಾಟಕದ ಡ್ರೆಸ್ಸಿನ ವಿಷಯ ಅಂತ ಹೇಳ್ಲಿಕ್ಕೆ ಆಗ್ತದಾ? ಆ ವರ್ಷ ಸೀಟ್ ಸಿಗಲಿಲ್ಲ. ಮರುವರ್ಷ ಸಿಕ್ಕಿತು" ಎಂದಳು.

ಇದು ನನಗೆ ಗೊತ್ತಿರಲಿಲ್ಲ. ನಿಜವಾಗಿ ಗೊತ್ತಿರಲಿಲ್ಲ. ಬೀರುವಿನಲ್ಲಿರುವ ನನ್ನ 'ವೆರಿ ಗುಡ್' ಕಣ್ಣಿಗೆ ಕಟ್ಟಿತು.

"ಆ ವರ್ಷ ನಾನು ನಿಮ್ಮ ಶೆಡ್ಡಿನಲ್ಲೇ ಇದ್ದದ್ದು. ಬಂಗುಡೆಗೆ ಉಪ್ಪು ಹಾಕಿ ಒಣಗಿಸ್ಲಿಕ್ಕೆ. ಒಂದು ದಿನ ನೀನು ಕಾಲೇಜಿನಿಂದ ರಜೆಗೆ ಬಂದವಳು ಗೇಟಿನ ಹತ್ತಿರ ನಿಂತಿದ್ದೆ. ಮೂಗಿಗೆ ಕರ್ಚೀಫು. ನಾನು ಕೈ ಎತ್ತಿದೆ. ನೀನು ನೋಡ್ಲಿಲ್ಲ."

ಜಗುಲಿಯ ಹೊರಗೆ ಪ್ರಾಪ್ತಿ ಫೋನಿನಲ್ಲಿ ಯಾರ ಜೊತೆಗೋ ನಗುತ್ತಿದ್ದಳು. ನಾನು ಸುಮ್ಮನಿರಬಹುದಿತ್ತು. ಅವಳು ಎಷ್ಟು ದಯೆಯಿಂದ ಬಾಗಿಲು ತೆರೆದಿಟ್ಟಿದ್ದಳು ನೋಡಿ, ನಾನು ನೋಡಲಿಲ್ಲ ಎಂದು ಅವಳೇ ಹೇಳುತ್ತಿದ್ದಾಳೆ.

"ನೋಡಿದ್ದೆ ವಾರಿಜಾ" ಎಂದೆ.

ಅವಳ ಕೈ ಲೋಟದ ಮೇಲೆ ನಿಂತಿತು.

"ನೀವು ನಾಲ್ಕೈದು ಮಂದಿ ಹೆಂಗಸರು ಸೇರಿ ಏನೋ ಹೇಳಿ ನಗ್ತಾ ಇದ್ರಿ. ನನಗೆ ಕಾಲೇಜಿನಲ್ಲಿ ಜೊತೆಗೆ ಕೂತು ನಗುವವರು ಒಬ್ಬರೂ ಇರಲಿಲ್ಲ. ಇಲ್ಲಿ, ಉಪ್ಪುಮೀನಿನ ನಡುವೆ ಕೂಡ ನೀನೇ ಸುಖವಾಗಿದ್ದಿ ಅಂತ ಕಂಡಿತು. ಅದಕ್ಕೇ ತಿರುಗಿ ಹೋದೆ."

"ಹೌದಾ" ಎಂದಳು. "ನೋಡ್ಲಿಲ್ಲ ಅಂತಲೇ ಇಟ್ಟುಕೊಂಡಿದ್ದೆ ನಾನು. ಇಷ್ಟು ವರ್ಷ."

ಸಾರಿ ಎಂಬ ಪದವನ್ನು ಕಾನ್ವೆಂಟಿನಲ್ಲಿ ನಮಗೆ ದಿನಕ್ಕೆ ಹತ್ತು ಸಲ ಹೇಳಿಸುತ್ತಿದ್ದರು. ಆ ಹೊತ್ತಿಗೆ ಅದು ನಾಲಿಗೆಗೆ ಬರಲಿಲ್ಲ. ತುಳುವಿನಲ್ಲಿ ಏನೋ ಹೇಳಿದೆ, ತಪ್ಪಾಯಿತು ಎಂದೋ ಏನೋ. ಅವಳು ಕೇಳಿಸಿಕೊಂಡಳು. ಪರವಾಗಿಲ್ಲ ಎನ್ನಲಿಲ್ಲ. ಎದ್ದು, "ಊಟ ಮಾಡಿಯೇ ಹೋಗಿ. ಬೂತಾಯಿ ಉಂಟು" ಎಂದಳು. ಊಟದ ಕೊನೆಗೆ ಅವಳ ಬಟ್ಟಲಿನಲ್ಲಿ ಬಾಚಣಿಗೆಯ ಹಾಗೆ ಮೂರು ಮುಳ್ಳುಗಳು ಸಾಲಾಗಿ ಮಲಗಿದ್ದವು. ನನ್ನ ಬಟ್ಟಲಿನ ವಿಷಯ ಬೇಡ.

ಈಗ ಮೂರನೆಯ ಸೀಸನ್ ನಡೆಯುತ್ತಿದೆ. ಪ್ರಾಪ್ತಿಗೆ ಅಸೈನ್‌ಮೆಂಟಿನಲ್ಲಿ ಒಳ್ಳೆಯ ಗ್ರೇಡ್ ಬಂತು. ರಾಣಿಯ ನಡುವಿನ ವರ್ಷದ ಬಗ್ಗೆ ಬರೆದದ್ದನ್ನು ಮೇಡಮ್ ಕ್ಲಾಸಿನಲ್ಲಿ ಓದಿ ಹೇಳಿದರಂತೆ. ಅದು ವಾರಿಜ ಟೀಚರ ಐಡಿಯಾ ಎಂದು ಅವಳು ಹೇಳಿದಾಗ ನನಗೆ ಹಳೆಯ ಜಾಗದಲ್ಲೇ ಸ್ವಲ್ಪ ಉರಿಯಿತು. ಅಷ್ಟು ಬೇಗ ಹೋಗುವ ಕಾಯಿಲೆಯಲ್ಲ ಅದು. ಆದರೆ ಈಗ ರಾಜನ ಅಕ್ಕ ಕಪ್ಪು ಗೌನಿನಲ್ಲಿ ಬಂದರೆ ನಾನು ಅವಳನ್ನು ನೋಡುವುದಿಲ್ಲ. ಹಿಂದೆ, ಕಂಬದ ಪಕ್ಕದಲ್ಲಿ, ಮಾತಿಲ್ಲದೆ ನಿಂತಿರುವ ರಾಣಿಯ ಮುಖ ನೋಡುತ್ತೇನೆ. ಕ್ಯಾಮೆರಾ ಅಲ್ಲಿಗೆ ಹೆಚ್ಚು ಹೋಗುವುದಿಲ್ಲ. ನಾನೇ ಹುಡುಕಿ ನೋಡುತ್ತೇನೆ.

ವಾರಿಜಳನ್ನು ನಾನು ಕೊನೆಗೆ ನೋಡಿದ್ದು ಆ ಭಾನುವಾರ ಮೂರು ಗಂಟೆಗೆ, ಅವಳ ಮನೆಯ ಗೇಟಿನಲ್ಲಿ. ಪ್ರಾಪ್ತಿ ಆಟೋ ನಿಲ್ಲಿಸಲು ರಸ್ತೆಯ ಕಡೆ ಹೋಗಿದ್ದಳು. ಏನಾದರೂ ಹೇಳಬೇಕೆಂದು ನಾನು, "ಆ ರಾಣಿಯ ಸಾಲು ನನಗೆ ಇವತ್ತಿಗೂ ನೆನಪಾಗುವುದಿಲ್ಲ ಮಾರಾಯ್ತಿ. ಕೋಟೆಯ ಬಾಗಿಲಿನದ್ದು" ಎಂದೆ.

ವಾರಿಜ ಗೇಟಿನ ಕಂಬಿಯ ಮೇಲೆ ಒಂದು ಕೈ ಇಟ್ಟಳು. ಬೆನ್ನು ಇನ್ನೂ ನೆಟ್ಟಗಾಯಿತು. ಸಿಸ್ಟರ್ ಬೆನೆಡಿಕ್ಟಾ ಕಲಿಸಿದ ಅದೇ ಉಚ್ಚಾರದಲ್ಲಿ, ಒಂದು ಅಕ್ಷರ ಜಾರದೆ ಹೇಳಿದಳು: "ಮೈ ಲಾರ್ಡ್, ದಿಸ್ ಗೇಟ್ ಶ್ಯಾಲ್ ಸ್ಟ್ಯಾಂಡ್ ಓಪನ್ ಅಂಟಿಲ್ ಯೂ ರಿಟರ್ನ್." ಪ್ರಭುವೇ, ನೀವು ಮರಳುವ ತನಕ ಈ ಬಾಗಿಲು ತೆರೆದೇ ಇರುವುದು.

ಅರುವತ್ತು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡ ಸಾಲು. ಆ ರಿಹರ್ಸಲುಗಳ ನಂತರ ಆಡಬೇಕಾದವಳ ಬಾಯಲ್ಲಿ ನಾನು ಅದನ್ನು ಮೊದಲ ಸಲ ಕೇಳಿದೆ. ನಾನು ಹೇಳಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ ಎಂದು ಯೋಚಿಸಿದೆ, ಉರಿಯಿಲ್ಲದೆ.

ಆಟೋ ಬಂತು. ನಾನು ಹತ್ತಿ ಕುಳಿತು ತಿರುಗಿ ನೋಡಿದೆ. ವಾರಿಜ ಗೇಟನ್ನು ಎಳೆದು, ಚಿಲಕ ಹಾಕುತ್ತಿದ್ದಳು.

"ದನ ನುಗ್ತದೆ" ಎಂದು ಕೂಗಿ ಹೇಳಿದಳು. ಆಮೇಲೆ ಕೈ ಎತ್ತಿದಳು. ನಾನೂ ಎತ್ತಿದೆ.